ಕಾವಿಗಿಟ್ಟ ಹರಳು

ಅಂಗೈ ತುಂಬುವಷ್ಟು ದೊಡ್ಡ ಲೋಹದ ಡಬ್ಬಿ. ಮೇಲೆ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಹೆಸರು, 10811 ಎಂಬ ಮಾದರಿ ಸಂಖ್ಯೆ. 20 ವೋಲ್ಟ್ ಕೊಟ್ಟು ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಅದು ಬೆಚ್ಚಗಿರಬೇಕು. ತಣ್ಣಗಿದ್ದರೆ ಒಳಗಿನ ಒಲೆ ಆರಿದೆ ಎಂದೇ ಅರ್ಥ. ಕಂಪನದ ವೇಗವನ್ನು ಕದಲದೆ ಹಿಡಿದಿಡುವ ಇಂಥ ಸೆಕೆಂಡ್ ಹ್ಯಾಂಡ್ ಫ್ರೀಕ್ವೆನ್ಸಿ ಸ್ಟ್ಯಾಂಡರ್ಡು ಕೊಂಡು ರಿಪೇರಿ ಮಾಡುವವರು ಯಾವ ಮೀಟರನ್ನೂ ಹಚ್ಚುವ ಮೊದಲು ಹೀಗೆ ಕೈಯಿಟ್ಟು ನೋಡುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಇಲ್ಲಿ ಮಾತ್ರ ಜ್ವರ ಇದ್ದರೆ ಆರೋಗ್ಯ.

ಈ ಡಬ್ಬಿಯೊಳಗೆ ಇರುವುದು ಕ್ವಾರ್ಟ್ಜ್, ನಮ್ಮ ಹೊಲಗದ್ದೆಗಳ ಬದುವಿನಲ್ಲಿ ಸಿಗುವ ಬೆಣಚುಕಲ್ಲಿನ ಜಾತಿ. ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಳಕು ನೋಡದ ಹಳ್ಳಿ ಮಕ್ಕಳು ಕಡಿಮೆ. ಇದನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1880ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಕ್ಯೂರಿ, ಪಿಯೇರ್ ಕ್ಯೂರಿ ಎಂಬ ಅಣ್ಣತಮ್ಮ ಕಂಡುಕೊಂಡರು. ವಿದ್ಯುತ್ತು ಕೊಟ್ಟರೆ ಹರಳು ಕಂಪಿಸುತ್ತದೆ ಎಂಬುದು ಮರುವರ್ಷ ಗೊತ್ತಾಯಿತು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ವಾಲ್ಟರ್ ಕೇಡಿ 1920ರ ದಶಕದ ಆರಂಭದಲ್ಲಿ ಆ ಕಂಪನವನ್ನು ರೇಡಿಯೋ ಸರ್ಕೀಟಿಗೆ ಕಟ್ಟಿಹಾಕಿದರು. 1927ರಲ್ಲಿ ನ್ಯೂಯಾರ್ಕಿನ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ವಾರೆನ್ ಮಾರಿಸನ್ ಮತ್ತು ಜೋಸೆಫ್ ಹಾರ್ಟನ್ ಹರಳಿನ ಕಂಪನದಿಂದ ಗಡಿಯಾರವನ್ನೇ ಓಡಿಸಿ ತೋರಿಸಿದರು.

ಕಷ್ಟ ಶುರುವಾದದ್ದು ಅಲ್ಲೇ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಎಕ್ಸ್-ಕಟ್ ಎಂಬ ಬಗೆಯಲ್ಲಿ ಕೊಯ್ದ ಹರಳಿನ ಕಂಪನದ ವೇಗ, ಅಂದರೆ ಫ್ರೀಕ್ವೆನ್ಸಿ, ಒಂದು ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ ಸುಮಾರು ಇಪ್ಪತ್ತು ಪಾಲು ಬದಲಾಗುತ್ತಿತ್ತು. ಕೇಳುವುದಕ್ಕೆ ಅಲ್ಪ. ಲೆಕ್ಕ ಹಾಕಿದರೆ, ಕೋಣೆಯ ಬಿಸಿ ಒಂದೇ ಒಂದು ಡಿಗ್ರಿ ಏರಿ ಅಲ್ಲೇ ನಿಂತರೂ ಆ ಗಡಿಯಾರ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡು ತಪ್ಪುತ್ತದೆ. ಒಳ್ಳೆಯ ಲೋಲಕದ ಗಡಿಯಾರವೇ ಅದಕ್ಕಿಂತ ಮೇಲು. ಹರಳನ್ನು ತಂಪಾಗಿಡೋಣವೆಂದರೆ ಊರಿನ ಹವೆ ಕೈಯಲ್ಲಿಲ್ಲ. ಬೇಸಿಗೆಯ ಅತಿ ಬಿಸಿ ದಿನಕ್ಕಿಂತಲೂ ಹೆಚ್ಚು ಬಿಸಿಯಲ್ಲಿ ಸದಾಕಾಲ ಇಟ್ಟರೆ ಮಾತ್ರ ಹೊರಗಿನ ಚಳಿ, ಸೆಖೆ ಯಾವುದೂ ಅದನ್ನು ತಾಕುವುದಿಲ್ಲ. ಹೀಗೆ ಹರಳಿಗೆ ಒಂದು ಒಲೆ ಬಂತು: ದಪ್ಪ ಲೋಹದ ಗೂಡು, ಅದಕ್ಕೆ ಸುತ್ತಿದ ಹೀಟರ್ ತಂತಿ, ಕಾವನ್ನು ಕಾಯುವ ಥರ್ಮೋಸ್ಟಾಟ್, ಸುತ್ತ ಬಿಸಿ ಸೋರದ ಹಾಗೆ ಹೊದಿಕೆ. ಕೋಳಿ ಮೊಟ್ಟೆಗೆ ಕಾವು ಕೊಟ್ಟಂತೆ. ಕೋಳಿ 21 ದಿನಕ್ಕೆ ಏಳುತ್ತದೆ, ಈ ಒಲೆ ಏಳುವ ಹಾಗಿಲ್ಲ.

ಬರೀ ಕಾವು ಕೊಟ್ಟರೆ ಸಾಲದು, ಹರಳನ್ನು ಯಾವ ಕೋನದಲ್ಲಿ ಕೊಯ್ಯಬೇಕೆಂಬುದೂ ಅಷ್ಟೇ ಮುಖ್ಯ ಎಂದು 1930ರ ದಶಕದಲ್ಲಿ ತಿಳಿಯಿತು. ಜಪಾನಿನಲ್ಲಿ ಕೋಗಾ ಇಸ್ಸಾಕು, ಬೆಲ್ ಲ್ಯಾಬ್‌ನಲ್ಲಿ ಲ್ಯಾಕ್, ವಿಲ್ಲರ್ಡ್, ಫೇರ್ ಎಂಬ ಮೂವರು, ಸುಮಾರು 35 ಡಿಗ್ರಿ 15 ಮಿನಿಟು ಓರೆಯಾಗಿ ಕೊಯ್ದ ಹರಳು ಬಿಸಿಗೆ ಅಷ್ಟಾಗಿ ಅಲುಗುವುದಿಲ್ಲ ಎಂದು ಬೇರೆಬೇರೆಯಾಗಿಯೇ ಕಂಡುಕೊಂಡರು. ಇದಕ್ಕೆ ಎಟಿ-ಕಟ್ ಎಂದು ಹೆಸರಾಯಿತು. ಇಂಥ ಹರಳನ್ನು ಕಾಯಿಸುತ್ತ ಹೋದರೆ ಅದರ ಫ್ರೀಕ್ವೆನ್ಸಿ ಒಂದು ಕಡೆ ಇಳಿಯುವುದನ್ನು ನಿಲ್ಲಿಸಿ ಏರಲು ತಿರುಗುತ್ತದೆ. ಆ ತಿರುವಿನಲ್ಲಿ ಬಿಸಿ ಕೂದಲೆಳೆಯಷ್ಟು ಆಚೀಚೆಯಾದರೂ ಫ್ರೀಕ್ವೆನ್ಸಿ ಕದಲದು. ಒಲೆಯ ಹದವನ್ನು ನಿಖರವಾಗಿ ಆ ತಿರುವಿಗೇ ಹೊಂದಿಸಬೇಕು. ಒಂದೇ ಬಗೆಯ ಎರಡು ಹರಳಿಗೂ ತಿರುವು ಒಂದೇ ಬಿಸಿಯಲ್ಲಿ ಇರುವುದಿಲ್ಲ, ಆದ್ದರಿಂದ ಪ್ರತಿ ಡಬ್ಬಿಗೂ ಅದರದೇ ಹದ.

ಬೆಣಚುಕಲ್ಲಿಗೂ ಬಿಸಿಗೂ ಇರುವ ಈ ನಂಟಿನ ಒಂದು ಮುಖ್ಯ ಅಧ್ಯಾಯ ಬರೆದದ್ದು ಬೆಂಗಳೂರು. ಕ್ವಾರ್ಟ್ಜ್ 573 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತನ್ನ ಒಳರಚನೆಯನ್ನೇ ಬದಲಿಸಿಕೊಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ನೆಡುಂಗಾಡಿ ಹರಳನ್ನು ಕಾಯಿಸುತ್ತ ಅದರಿಂದ ಚದುರುವ ಬೆಳಕನ್ನು ನೋಡಿದರು. ಆ ಬಿಸಿ ಹತ್ತಿರವಾದಂತೆ ಒಳಗಿನ ಅಣುಗಳ ಒಂದು ಕಂಪನ ನಿಧಾನವಾಗಿ ಸಡಿಲಗೊಳ್ಳುವುದು ಕಂಡಿತು. 1940ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಪುಟ್ಟ ಬರಹವನ್ನು ಘನವಸ್ತು ವಿಜ್ಞಾನಿಗಳು ಈಗಲೂ ನೆನೆಯುತ್ತಾರೆ. ನಮ್ಮಲ್ಲಿ ಇದನ್ನು ಇನ್ನೂ ಹೆಚ್ಚಾಗಿ ನೆನೆಯಬೇಕು.

ಒಲೆಯಲ್ಲಿ ಕೂತ ಹರಳು ಎಷ್ಟು ಸಾಧಿಸಿತೆಂದರೆ ಭೂಮಿಯ ತಪ್ಪನ್ನೇ ಹಿಡಿಯಿತು. ಬರ್ಲಿನ್ನಿನ ಸರ್ಕಾರಿ ಭೌತವಿಜ್ಞಾನ ಸಂಸ್ಥೆಯ ಶೈಬೆ ಮತ್ತು ಆಡೆಲ್ಸ್‌ಬೆರ್ಗರ್ 1930ರ ದಶಕದ ನಡುವೆ ತಮ್ಮ ಕ್ವಾರ್ಟ್ಜ್ ಗಡಿಯಾರಗಳನ್ನು ನಕ್ಷತ್ರಗಳ ಲೆಕ್ಕದೊಂದಿಗೆ ಹೋಲಿಸಿದಾಗ, ಭೂಮಿ ವರ್ಷದ ಎಲ್ಲ ಕಾಲದಲ್ಲೂ ಒಂದೇ ವೇಗದಲ್ಲಿ ತಿರುಗುವುದಿಲ್ಲ ಎಂಬುದು ಕಾಣಿಸಿತು. ಇಂಗ್ಲೆಂಡಿನಲ್ಲಿ ಲೂಯಿ ಎಸೆನ್ 1938ರಲ್ಲಿ ಮಾಡಿದ ಉಂಗುರದಾಕಾರದ ಹರಳು ಮುಂದೆ ಗ್ರಿನಿಚ್ಚಿನ ಸಮಯವನ್ನೇ ಹೊತ್ತಿತು. ಅದೇ ಎಸೆನ್ 1955ರಲ್ಲಿ ಜಾಕ್ ಪ್ಯಾರಿ ಜೊತೆ ಸೀಸಿಯಂ ಗಡಿಯಾರ ಕಟ್ಟಿದರು.

ಎರಡನೇ ಮಹಾಯುದ್ಧದಲ್ಲಿ ಹರಳು ಸೈನ್ಯಕ್ಕೆ ಸೇರಿತು. ಬ್ರೆಜಿಲ್‌ನಿಂದ ತಂದ ಕ್ವಾರ್ಟ್ಜನ್ನು ಕೊಯ್ದು, ಉಜ್ಜಿ, ಟ್ಯಾಂಕು, ವಿಮಾನಗಳ ರೇಡಿಯೋಗಳಿಗೆ ಅಮೆರಿಕದ ಕಾರ್ಖಾನೆಗಳು ಕೋಟಿಗಟ್ಟಲೆ ಹರಳು ಮಾಡಿದವು. ಯುದ್ಧ ಮುಗಿದ ಮೇಲೆ ಆ ಸರಕೆಲ್ಲ ಬೀದಿಗೆ ಬಂತು. ನ್ಯೂಯಾರ್ಕಿನ ಕಾರ್ಟ್‌ಲ್ಯಾಂಡ್ ಬೀದಿಯ ಸುತ್ತ ಇದ್ದ ರೇಡಿಯೋ ರೋ ಪೇಟೆಯಲ್ಲಿ ಸೈನ್ಯದ ರೇಡಿಯೋ ಸಾಮಾನು ರಾಶಿ ಬಿದ್ದಿರುತ್ತಿತ್ತು. 1966ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಲು ಆ ಪೇಟೆಯನ್ನು ಕೆಡವಿದರು. ಓಹಾಯೋದ ಡೇಟನ್ನಿನಲ್ಲಿ 1952ರಲ್ಲಿ ಶುರುವಾದ ಹ್ಯಾಮ್ ರೇಡಿಯೋ ಹವ್ಯಾಸಿಗಳ ಜಾತ್ರೆ ಇಂಥ ಸರಕಿಗೆ ಇನ್ನೊಂದು ಸಂತೆಯಾಯಿತು.

ಆ ತಲೆಮಾರಿನ ಒಲೆಗಳ ಕಾಯಿಲೆ ಸರಳ. ರೇಡಿಯೋ ವಾಲ್ವಿನ ಎಂಟು ಕಾಲಿನ ಬುಡಕ್ಕೇ ಚುಚ್ಚುವ ಸಣ್ಣ ಡಬ್ಬಿ, 6.3 ವೋಲ್ಟಿನ ಹೀಟರು, 75 ಅಥವಾ 85 ಡಿಗ್ರಿಗೆ ಕಟ್ಟಾಗುವ ಬೈಮೆಟಲ್ ಪಟ್ಟಿ. ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವಂಥದೇ ವ್ಯವಸ್ಥೆ. ಪಟ್ಟಿ ಬಾಗಿದಾಗಲೆಲ್ಲ ಕಾಂಟ್ಯಾಕ್ಟಿನಲ್ಲಿ ಕಿಡಿ, ಕಿಡಿಯಿಂದ ಕಪ್ಪು, ಕಪ್ಪಿನಿಂದ ಸಂಪರ್ಕವೇ ಇಲ್ಲ. ನವಿರಾದ ಕಾಗದ ಎಳೆದು ಕಾಂಟ್ಯಾಕ್ಟ್ ಉಜ್ಜಿದರೆ ಎಷ್ಟೋ ಒಲೆಗಳು ಮತ್ತೆ ಹೊತ್ತುತ್ತಿದ್ದವು. ಆದರೆ ಹೀಟರ್ ಪೂರ್ತಿ ಉರಿಯುವುದು, ಪೂರ್ತಿ ಆರುವುದು, ಮತ್ತೆ ಉರಿಯುವುದು, ಈ ಏರಿಳಿತದ ನೆರಳು ಫ್ರೀಕ್ವೆನ್ಸಿಯ ಮೇಲೆ ಬಿದ್ದೇ ಬೀಳುತ್ತಿತ್ತು. ಪರಿಹಾರ ಅಡುಗೆಮನೆಯವರಿಗೆ ಗೊತ್ತಿರುವಂಥದೇ: ಒಲೆ ಹಚ್ಚಿ ಆರಿಸುವುದಲ್ಲ, ಉರಿಯನ್ನು ಬೇಕಾದಷ್ಟಕ್ಕೆ ಹಿಡಿದಿಡುವುದು. ಬೈಮೆಟಲ್ ಜಾಗಕ್ಕೆ ಬಿಸಿಯನ್ನು ಅಳೆಯುವ ಥರ್ಮಿಸ್ಟರ್ ಬಂತು. ಬಿಸಿ ಹದಕ್ಕೆ ಹತ್ತಿರವಾದಂತೆ ಕರೆಂಟನ್ನು ತಾನಾಗಿ ತಗ್ಗಿಸುವ ಸರ್ಕೀಟು ಬಂತು.

ಬಿಸಿಗೆ ಅಲುಗುವ ಹರಳಿನ ಗುಣವನ್ನೇ ಹ್ಯೂಲೆಟ್ ಪ್ಯಾಕರ್ಡಿನವರು ಒಮ್ಮೆ ವರವಾಗಿ ಮಾಡಿಕೊಂಡರು. 1965ರ ಅವರ 2801ಎ ಎಂಬ ಕ್ವಾರ್ಟ್ಜ್ ಥರ್ಮಾಮೀಟರಿನಲ್ಲಿ ಬೇಕೆಂದೇ ಬಿಸಿಗೆ ಸರಿಯಾಗಿ ಸ್ಪಂದಿಸುವಂತೆ ಕೊಯ್ದ 28 ಮೆಗಾಹರ್ಟ್ಜ್ ಹರಳಿತ್ತು. ಒಂದು ಡಿಗ್ರಿಗೆ ಸಾವಿರ ಹರ್ಟ್ಜ್ ಏರಿಕೆ. ಎಣಿಸಿದರೆ ಬಿಸಿ ಗೊತ್ತಾಯಿತು. ಒಲೆಯ ಎಂಜಿನಿಯರುಗಳು ಯಾವ ಶತ್ರುವಿನೊಂದಿಗೆ ಮೂವತ್ತು ವರ್ಷ ಸೆಣಸಿದ್ದರೋ ಅದನ್ನು ಆಳವಾಗಿ ಅರಿತಿದ್ದರು ಎಂಬುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ಇಲ್ಲ.

1980ರ ಹೊತ್ತಿಗೆ ಬಂದ 10811 ಈ ಎಲ್ಲ ಅನುಭವದ ಫಲ. ಅದರೊಳಗಿನ 10 ಮೆಗಾಹರ್ಟ್ಜ್ ಹರಳು ಎಸ್‌ಸಿ-ಕಟ್. 1970ರ ದಶಕದಲ್ಲಿ ಎರಡು ದಿಕ್ಕಿನಲ್ಲಿ ಓರೆಯಾಗಿ ಕೊಯ್ಯುವ ಲೆಕ್ಕ ಸಿಕ್ಕಾಗ ಹುಟ್ಟಿದ ಈ ಹರಳು ಬೇಗನೆ ಕಾಯಿಸಿದರೂ ತಬ್ಬಿಬ್ಬಾಗುವುದಿಲ್ಲ. ಸುಮಾರು ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ಇದರ ವಾಸ. ಇದರಲ್ಲಿ ಹೀಟರ್ ತಂತಿಯೇ ಇಲ್ಲ, ಲೋಹದ ಗೂಡಿಗೆ ಬಿಗಿದ ಪವರ್ ಟ್ರಾನ್ಸಿಸ್ಟರುಗಳ ಬಿಸಿಯೇ ಕಾವು. ಹಚ್ಚಿದ ಹತ್ತು ನಿಮಿಷಕ್ಕೆ ತನ್ನ ನೆಲೆಗೆ ಇಪ್ಪತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ಹತ್ತಿರ ಬರುತ್ತದೆ. ಒಂದು ದಿನ ಕಾದ ಮೇಲೆ ದಿನಕ್ಕೆ ಇನ್ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ಸರಿಯದು.

1990ರ ದಶಕದಲ್ಲಿ ಮೊಬೈಲ್ ಫೋನ್ ಹರಡಿದಾಗ ಈ ಡಬ್ಬಿಗೆ ಹೊಸ ಕೆಲಸ ಸಿಕ್ಕಿತು. ಸಿಡಿಎಂಎ ಎಂಬ ಬಗೆಯ ಫೋನ್ ಟವರುಗಳೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕಿತ್ತು. ತಾಳ ಕೊಡುತ್ತಿದ್ದುದು ಜಿಪಿಎಸ್ ಉಪಗ್ರಹ, ಅದು ಕೈಕೊಟ್ಟಾಗ ಇಡೀ ದಿನ ಕೆಲವೇ ಮೈಕ್ರೋಸೆಕೆಂಡಿಗಿಂತ ಹೆಚ್ಚು ತಪ್ಪದಂತೆ ತಾಳ ಹಿಡಿಯುತ್ತಿದ್ದುದು ಒಲೆಯ ಹರಳು. ಅದಕ್ಕಾಗಿ ಮಾಡಿದ ಜ಼ಡ್3801ಎ ಎಂಬ ಯಂತ್ರದಲ್ಲಿ 10811ಕ್ಕೆ ಹೊರಗಿನಿಂದ ಇನ್ನೊಂದು ಒಲೆ, ಒಲೆಯೊಳಗೆ ಒಲೆ. ಕಂಪನಿಗಳು ಹಳೆಯ ಟವರ್ ಸಾಮಾನು ಬದಲಿಸಿದಾಗ ಇವು ಹ್ಯಾಮುಗಳ, ಗಡಿಯಾರದ ಹುಚ್ಚು ಹಿಡಿದವರ ಕೈಗೆ ಬಂದವು. ಲ್ಯಾಬೊರೇಟರಿಗಳಲ್ಲಿ ಮಾತ್ರ ಇದ್ದ ನಿಖರತೆ ಮನೆಯ ಮೇಜಿಗೆ ಇಳಿಯಿತು. ಇದು ಸಣ್ಣ ಸಂಗತಿಯಲ್ಲ.

ಆದರೆ ಬಂದದ್ದು ದುಡಿದು ದಣಿದ ಒಲೆಗಳು. ಇಲ್ಲೇ ಈ ಕಸುಬಿನ ಮುಖ್ಯ ವಿಚಿತ್ರ ಇರುವುದು. ಹರಳಿಗೆ ವಯಸ್ಸಾದಷ್ಟೂ ಬೆಲೆ: ವರ್ಷಗಟ್ಟಲೆ ಕಾವಿನಲ್ಲಿ ಕೂತ ಹರಳಿನ ಬಿಗಿತ ಸಡಿಲಾಗಿ, ಮೇಲಿನ ಕೊಳೆ ನೆಲೆಗೊಂಡು, ಅದರ ಫ್ರೀಕ್ವೆನ್ಸಿಯ ಸರಿತ ಕಡಿಮೆಯಾಗುತ್ತ ಹೋಗುತ್ತದೆ. ಹೊಸ ಹರಳನ್ನು ದುಡ್ಡು ಕೊಟ್ಟು ತರಬಹುದು, ಇಪ್ಪತ್ತು ವರ್ಷದ ಮಾಗುವಿಕೆಯನ್ನು ತರಲಾಗದು. ಒಲೆಯ ಗತಿ ತದ್ವಿರುದ್ಧ. ಅದೇ ಕಾವಿನಲ್ಲಿ ಫೋಮು ಪುಡಿಯಾಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ, ಫ್ಯೂಸು ಸಾಯುತ್ತದೆ. ರಿಪೇರಿಯೆಂದರೆ ಮಾಗಿದ ಹರಳನ್ನು ಸತ್ತ ಒಲೆಯಿಂದ ಉಳಿಸಿಕೊಳ್ಳುವುದು.

ತಣ್ಣಗಿರುವ 10811ರ ಹೀಟರ್ ದಾರಿಗೆ ಆಮ್ಮೀಟರ್ ಹಾಕಿದರೆ ಅರ್ಧ ಉತ್ತರ ಸಿಕ್ಕಿದಂತೆ. ಆರೋಗ್ಯವಂತ ಒಲೆ 20 ವೋಲ್ಟಿಗೆ ಮೊದಲು ಅರ್ಧ ಆಂಪಿಯರ್ ಹತ್ತಿರ ಎಳೆದು, ಕೆಲವು ನಿಮಿಷಗಳಲ್ಲಿ ತಟ್ಟನೆ ಇಳಿದು, ಸುಮಾರು 0.1 ಆಂಪಿಯರಿನಲ್ಲಿ ನಿಲ್ಲುತ್ತದೆ, ಅಂದರೆ ಎರಡು ವಾಟ್. ಮುಳ್ಳು ಏರಿಯೂ ಇಳಿಯದಿದ್ದರೆ ಥರ್ಮಿಸ್ಟರ್ ಕಡಿದಿರಬಹುದು. ಕಡಿದ ಥರ್ಮಿಸ್ಟರ್ ಸರ್ಕೀಟಿಗೆ ಕಡುಚಳಿಯಂತೆ ಕಾಣುತ್ತದೆ, ಅದು ಕಾಯಿಸುತ್ತಲೇ ಹೋಗುತ್ತದೆ. ಮುಳ್ಳು ಅಲುಗದೇ ಇದ್ದರೆ ಮೊದಲ ಸಂಶಯ ಥರ್ಮಲ್ ಫ್ಯೂಸಿನ ಮೇಲೆ. ಒಲೆ ಹದ ಮೀರಿ ಕಾದರೆ ಕರಗಿ ಹರಳನ್ನು ಉಳಿಸಲೆಂದೇ ಅದನ್ನು ಇಟ್ಟಿದ್ದಾರೆ. ಪಾಪ, ಅದು ಬದುಕೆಲ್ಲ ತನ್ನ ಕರಗುವ ಬಿಸಿಯ ಹತ್ತಿರದಲ್ಲೇ ಕಳೆಯುತ್ತದೆ. ಹತ್ತಿಪ್ಪತ್ತು ವರ್ಷವಾದ ಮೇಲೆ ಒಲೆ ಒಮ್ಮೆಯೂ ತಪ್ಪದಿದ್ದರೂ ತಾನೇ ಕಡಿಯುತ್ತದೆ. ಕಾವಲುಗಾರನೇ ಮೊದಲು ಬೀಳುವ ಈ ದೋಷ 10811 ಕೊಂಡವರಿಗೆಲ್ಲ ಪರಿಚಿತ.

ಹೊಸ ಫ್ಯೂಸ್ ಹಾಕುವಾಗ ಬೆಸುಗೆಯ ಬಿಸಿಯೇ ಅದನ್ನು ಕರಗಿಸಿಬಿಡಬಹುದು. ಅದಕ್ಕೇ ಕಾಲನ್ನು ಫ್ಯೂಸಿನ ಬುಡದಲ್ಲಿ ಇಕ್ಕಳದಿಂದ ಬಿಗಿಯಾಗಿ ಹಿಡಿದು, ಬಿಸಿ ಇಕ್ಕಳಕ್ಕೆ ಹರಿಯುವಂತೆ ಮಾಡಿ, ಕ್ಷಣಮಾತ್ರ ಐರನ್ ಮುಟ್ಟಿಸುತ್ತಾರೆ. ಫ್ಯೂಸ್ ಬದಲು ಬರೀ ತಂತಿ ಬೆಸೆದು ಮುಗಿಸುವವರೂ ಇದ್ದಾರೆ. ಅದು ತಪ್ಪು. ಮುಂದೊಂದು ದಿನ ಥರ್ಮಿಸ್ಟರ್ ಕಡಿದರೆ, ಎರಡು ದಶಕ ಮಾಗಿದ ಹರಳು ಬೆಂದುಹೋಗುತ್ತದೆ.

ಜೋಡಿ ಒಲೆಯ ಯಂತ್ರಗಳಲ್ಲಿ ದೋಷ ಇನ್ನೂ ಗುಟ್ಟಿನದು. ಹೊರಗಿನ ಒಲೆ ಸತ್ತರೂ ಒಳಗಿನದು ದುಡಿಯುತ್ತದೆ, ತಪ್ಪನ್ನು ಜಿಪಿಎಸ್ ತಿದ್ದುತ್ತದೆ, ಮುಂಭಾಗದ ದೀಪ ಹಸಿರಾಗಿಯೇ ಇರುತ್ತದೆ. ಹರಳನ್ನು ತಿದ್ದುವ ವೋಲ್ಟೇಜನ್ನು ಎರಡು ದಿನ ಬರೆದಿಟ್ಟರೆ ಮಾತ್ರ ಗುಟ್ಟು ರಟ್ಟಾಗುತ್ತದೆ: ಮಧ್ಯಾಹ್ನ ಏರು, ಬೆಳಗಿನ ಜಾವ ಇಳಿವು, ಕೋಣೆಯ ಬಿಸಿಯ ಪಡಿಯಚ್ಚು. ಎರಡೂ ಒಲೆ ನೆಟ್ಟಗಿದ್ದರೆ ಹರಳಿಗೆ ಹಗಲು ರಾತ್ರಿ ಗೊತ್ತಾಗಬಾರದು.

ಹ್ಯೂಲೆಟ್ ಪ್ಯಾಕರ್ಡಿನ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು. 2005ರಲ್ಲಿ ಅದರ ಫ್ರೀಕ್ವೆನ್ಸಿ ಸ್ಟ್ಯಾಂಡರ್ಡುಗಳ ವ್ಯವಹಾರ ಸಿಮೆಟ್ರಿಕಾಮ್ ಕೈಗೆ ಹೋಯಿತು, ಅಲ್ಲಿಂದ ಮುಂದೆಯೂ ಮಾರಾಟವಾಯಿತು. ಈ ಒಲೆಗಳು ರಿಪೇರಿಯಾಗುತ್ತಿರುವುದು ಹಳೆಯ ಸರ್ವಿಸ್ ಮ್ಯಾನ್ಯುಯಲ್ಲುಗಳ ಕೃಪೆಯಿಂದ. ಪ್ರತಿ ರೆಸಿಸ್ಟರಿನ ಅಳತೆಯನ್ನೂ ಸರ್ಕೀಟಿನ ಪ್ರತಿ ಗೆರೆಯನ್ನೂ ಮುಚ್ಚುಮರೆಯಿಲ್ಲದೆ ಅಚ್ಚುಹಾಕಿಸಿ ಕೊಡುವ ರೂಢಿ ಆಗ ಇತ್ತು. ಆ ರೂಢಿ ಹೋದದ್ದು ದೊಡ್ಡ ನಷ್ಟ.

ದೇವಸ್ಥಾನಗಳ ನಂದಾದೀಪಕ್ಕೆ ತುಪ್ಪ ಬಿಟ್ಟುಕೊಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಹೇರಳ. ಹರಳಿನ ಒಲೆಯದೂ ಅಂಥದೇ ನೇಮ. ಒಮ್ಮೆ ಆರಿ ತಣ್ಣಗಾದ ಹರಳು ಮತ್ತೆ ಕಾದಾಗ ಹಳೆಯ ಫ್ರೀಕ್ವೆನ್ಸಿಗೆ ನೇರವಾಗಿ ಮರಳುವುದಿಲ್ಲ. ಅದಕ್ಕಾಗಿಯೇ ಆ ಕಾಲದ, ಫ್ರೀಕ್ವೆನ್ಸಿ ಎಣಿಸುವ ಹಲವು ಕೌಂಟರುಗಳಲ್ಲಿ ಮುಂದಿನ ಸ್ವಿಚ್ಚು ಆರಿಸಿದರೂ ಒಲೆ ಆರುವುದಿಲ್ಲ, ಪ್ಲಗ್ ಚುಚ್ಚಿರುವಷ್ಟು ಕಾಲ ಸ್ಟ್ಯಾಂಡ್‌ಬೈ ದೀಪ ಉರಿಯುತ್ತಿರುತ್ತದೆ. ರಿಪೇರಿಯಾದ ಡಬ್ಬಿಗೆ ಹೊಸ ಹೊದಿಕೆ ತುಂಬಿ, ಮುಚ್ಚಳ ಬಿಗಿದು, ವೋಲ್ಟೇಜ್ ಕೊಟ್ಟಾಗ ಆಮ್ಮೀಟರಿನ ಮುಳ್ಳು ಏರುತ್ತದೆ, ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಆಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಮೊದಲ ದಿನ ಸರಿತ ಹೆಚ್ಚು, ವಾರ ಕಳೆದಂತೆ ಕಡಿಮೆ. ದಿನಕ್ಕೊಮ್ಮೆ ಜಿಪಿಎಸ್‌ಗೆ ಹೋಲಿಸಿ ಒಂದು ಅಂಕಿ ಬರೆದಿಡುತ್ತಾರೆ, ಗೆರೆ ನೆಟ್ಟಗಾಗುವವರೆಗೆ.