ಗಯ್ಯಾಳಿ ಅಕ್ಕ, ಸುಂದರಿ ತಂಗಿ: ಇಬ್ಬರೂ ಒಬ್ಬಳೇ!

ನಮ್ಮ ವಿಲೆ ಪಾರ್ಲೆಯಲ್ಲಿ ಬಹಳ ಕಾಲ ನೆಲೆಸಿದವರಿಗೆ ಮರಾಠಿ ರಂಗಭೂಮಿಯ ಗಾಳಿ ತಾಗದೆ ಇರುವುದಿಲ್ಲ. ದೀನಾನಾಥ್ ಮಂಗೇಶ್ಕರ್ ನಾಟ್ಯಗೃಹ ಇಲ್ಲಿಯೇ ಇದೆ. ಬರ್ನಾರ್ಡ್ ಶಾ ಅವರ 'ಪಿಗ್ಮೇಲಿಯನ್' ನಾಟಕವನ್ನು 1975 ರಲ್ಲಿ 'ತೀ ಫುಲರಾಣಿ'ಯಾಗಿಸಿದ ಪು. ಲ. ದೇಶಪಾಂಡೆಯವರು ಓದಿದ್ದು ಪಾರ್ಲೆ ತಿಲಕ್ ವಿದ್ಯಾಲಯದಲ್ಲಿ. ಪರದೇಶದ ನಾಟಕಕ್ಕೆ ನಮ್ಮ ಸೀರೆ ಉಡಿಸುವ ಕಲೆ ಈ ಕಡೆಯವರಿಗೆ ಚೆನ್ನಾಗಿ ಗೊತ್ತು.

ಹೀಗೆ ಸೀರೆ ಉಟ್ಟವರಲ್ಲಿ ಬಹಳ ಹಳಬಳೆಂದರೆ ಶೇಕ್ಸ್‌ಪಿಯರ್‌ನ 'ದಿ ಟೇಮಿಂಗ್ ಆಫ್ ದ ಶ್ರೂ' ನಾಟಕದ ಕ್ಯಾಥರೀನಾ. ಬಾಯಿಬಡುಕಿ ಅಕ್ಕನ ಮದುವೆಯಾಗದೆ ತಂಗಿಗೆ ಮದುವೆಯಿಲ್ಲ ಎಂದು ಅಪ್ಪನ ಹಟ. ನಮ್ಮಲ್ಲಿ ಇದಕ್ಕೆ ಅನುವಾದವೇ ಬೇಕಿಲ್ಲ, ಅಲ್ಲವೇ? ಮರಾಠಿಯಲ್ಲಿ 19 ನೇ ಶತಮಾನದ ಕೊನೆಗೇ ವಾಸುದೇವ ಬಾಳಕೃಷ್ಣ ಕೇಳ್ಕರರು ಇದನ್ನು 'ತ್ರಾಟಿಕಾ' ಮಾಡಿದರು. ತ್ರಾಟಿಕಾ ಅಂದರೆ ನಮ್ಮ ತಾಟಕಿ! ಕನ್ನಡದಲ್ಲಿ ಪರ್ವತವಾಣಿಯವರ 'ಬಹದ್ದೂರ್ ಗಂಡ' ಬಂತು. ಅದೇ ನಾಟಕ 1989 ರಲ್ಲಿ ಎಂ. ಎಸ್. ರಾಜಶೇಖರ್ ನಿರ್ದೇಶನದ 'ನಂಜುಂಡಿ ಕಲ್ಯಾಣ' ಚಿತ್ರವಾಯಿತು.

ಇದಕ್ಕೂ 69 ವರ್ಷ ಮೊದಲು, 1920 ರಲ್ಲಿ, ಜರ್ಮನಿಯಲ್ಲಿ ಎರ್ನ್ಸ್ಟ್ ಲುಬಿಚ್ ಇದೇ ಕಥೆಯ ಮೂಕಿ ಚಿತ್ರ ಮಾಡಿದ್ದ. ಹೆಸರು 'ಕೋಲ್‌ಹೀಸೆಲ್ಸ್ ಟೋಖ್ಟರ್', ಅಂದರೆ ಕೋಲ್‌ಹೀಸೆಲ್‌ನ ಹೆಣ್ಣುಮಕ್ಕಳು. ಇಟಲಿಯ ಸಿರಿವಂತರ ಮನೆ ಬವೇರಿಯಾದ ಹಿಮದ ಹಳ್ಳಿಯ ಹೋಟೆಲಾಯಿತು. ಕ್ಸಾವರ್‌ಗೆ ಬೇಕಾದವಳು ತಂಗಿ ಗ್ರೆಟೆಲ್. ಆದರೆ ಮೊದಲು ಅಕ್ಕ ಲೀಸೆಲ್‌ಳ ಮದುವೆಯಾಗಬೇಕು. "ಅವಳನ್ನೇ ಕಟ್ಟಿಕೋ, ಆಮೇಲೆ ಬಿಟ್ಟುಬಿಡು" ಎಂಬ ಉಪಾಯ ಹೇಳಿಕೊಡುವವನಿಗೆ ಗ್ರೆಟೆಲ್ ಮೇಲೆ ತನ್ನದೇ ಕಣ್ಣು! ಕೊನೆಗೆ ಕ್ಸಾವರ್ ಲೀಸೆಲ್‌ಳನ್ನೇ ಮೆಚ್ಚಿ ಉಳಿದುಬಿಡುತ್ತಾನೆ. ಈ ಪಾತ್ರದ ಎಮಿಲ್ ಯಾನಿಂಗ್ಸ್, 1929 ರಲ್ಲಿ ನಡೆದ ಮೊತ್ತಮೊದಲ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ನಟನೆನಿಸಿಕೊಂಡ.

ಸ್ವಾರಸ್ಯ ಇರುವುದು ಮುಂದೆ. ಅಕ್ಕ-ತಂಗಿ ಎರಡೂ ಪಾತ್ರ ಮಾಡಿದ್ದು ಒಬ್ಬಳೇ ನಟಿ, ಆಗಿನ ಜರ್ಮನಿಯ ಮನೆಮಾತಾಗಿದ್ದ ಹೆನ್ನಿ ಪೋರ್ಟೆನ್. ಕೂದಲು ಕೆದರಿ, ದಪ್ಪ ಬಟ್ಟೆ ತೊಟ್ಟು, ಗುದ್ದಾಡುವ ಲೀಸೆಲ್ ಆಕೆಯೇ. ಬಳುಕುವ ಗ್ರೆಟೆಲ್ ಕೂಡ ಆಕೆಯೇ. ರಂಗದ ಮೇಲೆ ಅಕ್ಕ-ತಂಗಿ ಎದುರುಬದುರು ನಿಂತು ಜಗಳವಾಡಬೇಕಾದರೆ ಇಬ್ಬರು ನಟರು ಬೇಕೇಬೇಕು. ಕ್ಯಾಮೆರಾಗೆ ಆ ಕಟ್ಟಿಲ್ಲ. 1930 ರಲ್ಲಿ ಇದೇ ಕಥೆ ಟಾಕಿಯಾದಾಗಲೂ ಎರಡೂ ಪಾತ್ರ ಪೋರ್ಟೆನ್‌ಗೇ.

ನನ್ನ ಮಟ್ಟಿಗೆ, ಇಡೀ ಕಥೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮೂಲ ನಾಟಕದಲ್ಲಿ ಗಂಡನಾದವನು ಹೆಂಡತಿಗೆ ಊಟ, ನಿದ್ದೆ ತಪ್ಪಿಸಿ 'ಪಳಗಿಸುತ್ತಾನೆ'. ಇಂದು ಅದನ್ನು ನೋಡಿ ನಗುವುದು ಕಷ್ಟವೇ. ಲುಬಿಚ್ ಕೂಡ ಕೊನೆಗೆ ಲೀಸೆಲ್‌ಳನ್ನು ನಯವಾಗಿಸಿಯೇ ಬಿಡುತ್ತಾನೆ. ಆದರೆ ಇಬ್ಬರದೂ ಒಂದೇ ಮುಖ ಎಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಗಯ್ಯಾಳಿ, ಗುಣವಂತೆ ಎಂಬ ಹಣೆಪಟ್ಟಿ ಹಚ್ಚಿದ್ದು ಊರಿನವರು, ಅಷ್ಟೇ.

'ನಂಜುಂಡಿ ಕಲ್ಯಾಣ'ದಲ್ಲಿ ಹಟಮಾರಿ ಹುಡುಗಿಯಾದವರು ಮಾಲಾಶ್ರೀ. ಕನ್ನಡದಲ್ಲಿ ನಾಯಕಿಯಾಗಿ ಅದು ಅವರ ಮೊದಲ ಚಿತ್ರ. ಪಳಗಿಸುವವನ ಕಥೆಯೆಂದು ಥಿಯೇಟರಿಗೆ ಹೋದವರು ಮನೆಗೆ ಬಂದು ಮಾತಾಡಿದ್ದು ಅವಳ ಬಗ್ಗೆ. ಆಮೇಲಿನ ವರ್ಷಗಳಲ್ಲಿ ನಾಯಕಿಯ ಹೆಸರಿನ ಮೇಲೇ ಚಿತ್ರಗಳು ಓಡಿದವು. ಪಳಗಿಸಲೆಂದು ತಂದ ಹುಡುಗಿ ಚಿತ್ರರಂಗವನ್ನೇ ಆಳಿದಳು!