ಎರಡನೆಯ ಜ್ವರ: ಕಾಫಿ ಸೀಮೆಯ ಮಂಗನ ಕಾಯಿಲೆಯಲ್ಲಿ ವೃತ್ತಿಗಳ ಸಹಯೋಗ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆ ರೋಗಿಗಳು ಕಂಡುಬಂದರು. ಕಳಸ, ಮೂಡಿಗೆರೆಯ ತೋಟಗಳಿರುವುದೂ ಇದೇ ಮಲೆನಾಡಿನ ಕಾಡಂಚಿನಲ್ಲಿ. ಈ ಕಾಯಿಲೆ ಹರಡುವ ಉಣುಗಿನ ಮರಿಗಳು ದರಗಿನಲ್ಲಿ ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಕಾಫಿ ಕೊಯ್ಲಿಗೆ, ಸೌದೆಗೆ ಜನ ಹೊರಡುವುದೂ ಆಗಲೇ.

ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಇದ್ದ ಲಸಿಕೆಯನ್ನೂ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಉಳಿದಿರುವುದು ಮನುಷ್ಯರ ನಡುವಣ ಹೊಂದಾಣಿಕೆ. ಸತ್ತ ಮಂಗನ ಸುದ್ದಿ ಅರಣ್ಯ ರಕ್ಷಕನಿಂದ ಪಶುವೈದ್ಯರಿಗೆ, ಅಲ್ಲಿಂದ ಆರೋಗ್ಯ ಇಲಾಖೆಗೆ ಮುಟ್ಟಬೇಕು. ಆಮೇಲೆ ಆಶಾ ಕಾರ್ಯಕರ್ತೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಮನೆಮನೆಗೆ ಹಂಚುತ್ತಾಳೆ. ಸರಪಳಿಯ ಈ ಭಾಗದ ಬಗ್ಗೆ ಸುತ್ತೋಲೆಗಳು ಸಾಕಷ್ಟಿವೆ.

ನನ್ನ ಗಮನ ಇರುವುದು ಆಸ್ಪತ್ರೆಯಿಂದ ಮನೆಗೆ ಹೋದ ಮೇಲಿನ ದಿನಗಳ ಕಡೆಗೆ. ಮೊದಲ ಜ್ವರ ಇಳಿದು ರೋಗಿ ಚೇತರಿಸಿಕೊಳ್ಳುತ್ತಾನೆ. ಆದರೆ ಸುಮಾರು ಶೇ. 10ರಿಂದ 20 ಮಂದಿಗೆ ಒಂದೆರಡು ವಾರಗಳ ಬಿಡುವಿನ ನಂತರ ಜ್ವರ ಮತ್ತೆ ಬರುತ್ತದೆ. ಈ ಸಲ ತೀವ್ರ ತಲೆನೋವು, ನಡುಕ, ಕಣ್ಣು ಮಂಜಾಗುವುದು, ಬುದ್ಧಿ ಮಂಕಾಗುವುದು. ಆ ಹೊತ್ತಿಗೆ ಆತ ವೈದ್ಯರ ಕಣ್ಣಳತೆಯಲ್ಲಿರುವುದಿಲ್ಲ, ಲೈನು ಮನೆಯಲ್ಲಿರುತ್ತಾನೆ. ನೋಡುವವರು ಹೆಂಡತಿ, ಪಕ್ಕದ ಮನೆಯವರು, ತೋಟದ ರೈಟರು, ಹೆಚ್ಚೆಂದರೆ ಆಶಾ. 'ಇವನು ಮಾತಾಡೋದು ಸರಿ ಇಲ್ಲ' ಎಂಬ ಹೆಂಡತಿಯ ಮಾತೇ ಇಲ್ಲಿ ಮೊದಲ ರೋಗನಿರ್ಣಯ. ಅದನ್ನು ದೂರವಾಣಿಯಲ್ಲಿ ಕೇಳಿಸಿಕೊಂಡು ಗಂಭೀರವಾಗಿ ತೆಗೆದುಕೊಳ್ಳುವ ವೈದ್ಯರು, ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರು ಸೇರಿಸುವ ಆಂಬುಲೆನ್ಸ್ ಚಾಲಕ: ಎಲ್ಲರೂ ಒಂದೇ ಆರೈಕೆಯ ಪಾಲುದಾರರು.

1951ರ ತೋಟ ಕಾರ್ಮಿಕ ಕಾಯ್ದೆ ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆಯಾಗಿಸಿತು, ನಿಜ. ಆದರೆ ಅದು ಅನ್ವಯಿಸಿದ್ದು ದೊಡ್ಡ ತೋಟಗಳಿಗೆ. ಸಣ್ಣ ಹಿಡುವಳಿಗಳಲ್ಲಿ ಕೊಯ್ಯುವವರಿಗೆ ಆ ಆಸರೆಯೂ ಇರಲಿಲ್ಲ. ಆ ಕೊರತೆ ತುಂಬಲು ಗೌರವಧನದ ಮೇಲೆ ದುಡಿಯುವ ಆಶಾ ಮೇಲೆ ಇಷ್ಟು ಭಾರ ಹೊರಿಸಿ, ಅವಳ ಮಾತನ್ನು ಕೇಸ್ ಶೀಟಿನಲ್ಲಿ ಬರೆಯದಿರುವುದು ನನಗೆ ವೃತ್ತಿಯ ಅಹಂಕಾರವಾಗಿ ಕಾಣುತ್ತದೆ.

ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬಿಡುಗಡೆ ಚೀಟಿಯ ಒಂದು ಪ್ರತಿ, ಎರಡನೆಯ ಜ್ವರದ ಲಕ್ಷಣಗಳನ್ನು ಕನ್ನಡದಲ್ಲಿ ಬರೆದು, ಆ ಊರಿನ ಆಶಾ ಕೈಗೆ ಅದೇ ದಿನ ತಲುಪಲಿ.