ಹಾಥಾರ್ನ್ ಅಧ್ಯಯನಗಳು

ಹಾಥಾರ್ನ್ ಅಧ್ಯಯನಗಳು ಅಮೆರಿಕದ ಶಿಕಾಗೋ ಬಳಿಯ ಸಿಸೆರೊದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಸಂಶೋಧನೆಗಳ ಸರಣಿ. ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ಈ ಕಾರ್ಖಾನೆಯಲ್ಲಿ ನಡೆದ ಅಧ್ಯಯನಗಳು ಸಹೋದ್ಯೋಗಿಗಳ ಪರಸ್ಪರ ಸಂಬಂಧವು ಕೆಲಸದ ಮೇಲೆ ಬೀರುವ ಪ್ರಭಾವದತ್ತ ವಿದ್ವಾಂಸರ ಗಮನ ಸೆಳೆದವು. ನಿರ್ವಹಣಾಶಾಸ್ತ್ರದ ‘ಮಾನವ ಸಂಬಂಧಗಳ’ ಪಂಥಕ್ಕೆ ಇವು ಬುನಾದಿಯಾದವು.

ಬೆಳಕಿನ ಪ್ರಯೋಗ

ದೀಪದ ಬೆಳಕು ಹೆಚ್ಚಿದರೆ ಉತ್ಪಾದನೆಯೂ ಹೆಚ್ಚುವುದೇ ಎಂಬುದು ಮೊದಲ ಪ್ರಶ್ನೆಯಾಗಿತ್ತು. ಆದರೆ ಬೆಳಕನ್ನು ಬದಲಿಸಿದ ಗುಂಪಿನಲ್ಲಿಯೂ ಬದಲಿಸದ ಗುಂಪಿನಲ್ಲಿಯೂ ಉತ್ಪಾದನೆ ಏರಿತು. ಬೆಳಕನ್ನು ಹೊರತುಪಡಿಸಿ ಬೇರೆ ಕಾರಣಗಳನ್ನು ಹುಡುಕುವುದು ಅನಿವಾರ್ಯವಾಯಿತು.

ರಿಲೇ ಜೋಡಣೆಯ ಕೊಠಡಿ

1927ರಲ್ಲಿ ಆರು ಮಂದಿ ಯುವತಿಯರನ್ನು ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ, ರಿಲೇ ಎಂಬ ಚಿಕ್ಕ ವಿದ್ಯುತ್ ಸಾಧನದ ಜೋಡಣೆಯನ್ನು ಗಮನಿಸಲಾಯಿತು. ವಿಶ್ರಾಂತಿಯ ವೇಳೆ, ಲಘು ಉಪಾಹಾರ, ದುಡಿಮೆಯ ಅವಧಿ ಇವುಗಳನ್ನು ಹಂತಹಂತವಾಗಿ ಬದಲಾಯಿಸಲಾಯಿತು. ಒಟ್ಟಾರೆ ಉತ್ಪಾದನೆ ಹೆಚ್ಚುತ್ತಾ ಹೋಯಿತು. ಅವರು ತಮ್ಮೊಳಗೆ ಮಾತನಾಡಬಹುದಾಗಿತ್ತು. ಬದಲಾವಣೆಗಳ ಬಗ್ಗೆ ಅವರ ಅಭಿಪ್ರಾಯವನ್ನೂ ಕೇಳಲಾಗುತ್ತಿತ್ತು. ಒಬ್ಬರು ದಣಿದಾಗ ಮತ್ತೊಬ್ಬರು ವೇಗ ಹೆಚ್ಚಿಸಿ ನೆರವಾಗುವ ಆತ್ಮೀಯತೆ ಕ್ರಮೇಣ ಬೆಳೆಯಿತು.

ಸಂದರ್ಶನಗಳು

1928ರಿಂದ 1930ರವರೆಗೆ 20,000ಕ್ಕೂ ಹೆಚ್ಚು ಕಾರ್ಮಿಕರನ್ನು ಸಂದರ್ಶಿಸಲಾಯಿತು. ಮೊದಲು ಸಿದ್ಧಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ಕಾರ್ಮಿಕರು ಆ ಪ್ರಶ್ನೆಗಳಾಚೆಗಿನ ವಿಷಯಗಳನ್ನೇ ಹೇಳಬಯಸುತ್ತಿದ್ದುದರಿಂದ, ನಡುವೆ ಬಾಯಿ ಹಾಕದೆ, ಉಪದೇಶ ಮಾಡದೆ ಆಲಿಸುವ ಕ್ರಮವನ್ನು ಅನುಸರಿಸಲಾಯಿತು.

ಬ್ಯಾಂಕ್ ವೈರಿಂಗ್ ಕೊಠಡಿ

1931–32ರಲ್ಲಿ 14 ಪುರುಷರ ಗುಂಪೊಂದನ್ನು ಗಮನಿಸಿದಾಗ ಗೆಳೆತನದ ಇನ್ನೊಂದು ಮುಖ ಕಂಡುಬಂದಿತು. ದಿನಕ್ಕೆ ಎಷ್ಟು ಕೆಲಸ ಸಾಕೆಂಬುದನ್ನು ಗುಂಪು ತಾನೇ ನಿಶ್ಚಯಿಸಿಕೊಂಡಿತ್ತು. ಅತಿಯಾಗಿ ದುಡಿಯಬಾರದು, ತೀರಾ ಕಡಿಮೆಯೂ ದುಡಿಯಬಾರದು, ಜೊತೆಗಾರರ ಮೇಲೆ ಚಾಡಿ ಹೇಳಬಾರದು ಎಂಬ ಅಲಿಖಿತ ನಿಯಮಗಳಿದ್ದವು. ಮೀರಿದವರು ಮೂದಲಿಕೆಗೂ ತೋಳಿನ ಮೇಲೆ ಗುದ್ದಿಗೂ ಗುರಿಯಾಗುತ್ತಿದ್ದರು. ಕಂಪನಿ ನೀಡುತ್ತಿದ್ದ ಪ್ರೋತ್ಸಾಹಧನಕ್ಕಿಂತ ಗುಂಪಿನ ಮಾತೇ ಬಲವಾಗಿತ್ತು.

ಪ್ರಕಟಣೆ ಮತ್ತು ವಿಮರ್ಶೆ

ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೊ ಈ ಫಲಿತಾಂಶಗಳಿಗೆ ಪ್ರಚಾರ ನೀಡಿದರು. ರೋತ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಅವರ ವಿಸ್ತೃತ ಗ್ರಂಥ ‘ಮ್ಯಾನೇಜ್‌ಮೆಂಟ್ ಅಂಡ್ ದ ವರ್ಕರ್’ 1939ರಲ್ಲಿ ಪ್ರಕಟವಾಯಿತು. ತಮ್ಮನ್ನು ಗಮನಿಸಲಾಗುತ್ತಿದೆ ಎಂಬ ಅರಿವಿನಿಂದಲೇ ಜನರ ವರ್ತನೆ ಬದಲಾಗುವುದನ್ನು ಮುಂದೆ ‘ಹಾಥಾರ್ನ್ ಪರಿಣಾಮ’ ಎಂದು ಕರೆಯಲಾಯಿತು.

1967ರಲ್ಲಿ ಅಲೆಕ್ಸ್ ಕ್ಯಾರಿ ಈ ಅಧ್ಯಯನಗಳನ್ನು ಕಟುವಾಗಿ ವಿಮರ್ಶಿಸಿದರು. ರಿಲೇ ಕೊಠಡಿಯಲ್ಲಿ ವೇತನದ ಕ್ರಮವೂ ಬದಲಾಗಿತ್ತು. ಅತಿಯಾಗಿ ಮಾತನಾಡುತ್ತಾರೆ, ಸಹಕರಿಸುವುದಿಲ್ಲ ಎಂಬ ಕಾರಣಕ್ಕೆ ಇಬ್ಬರು ಯುವತಿಯರನ್ನು 1928ರಲ್ಲಿ ಅಲ್ಲಿಂದ ತೆಗೆದು ಬೇರೆಯವರನ್ನು ನೇಮಿಸಲಾಗಿತ್ತು. ಆದ್ದರಿಂದ ಉತ್ಪಾದನೆಯ ಏರಿಕೆಗೆ ಸ್ನೇಹಭಾವವೊಂದೇ ಕಾರಣವೆನ್ನಲಾಗದು. ಸಹೋದ್ಯೋಗಿಗಳ ಸೌಹಾರ್ದವನ್ನು ನ್ಯಾಯವಾದ ವೇತನದಿಂದಲೂ ಕೆಲಸದ ಭದ್ರತೆಯಿಂದಲೂ ಬೇರ್ಪಡಿಸಿ ನೋಡಿದರೆ ಈ ಅಧ್ಯಯನಗಳ ಅರ್ಧ ಭಾಗವನ್ನಷ್ಟೇ ಓದಿದಂತಾಗುತ್ತದೆ.